ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (ಸೆಪ್ಟೆಂಬರ್ 22, 1834 – ಡಿಸೆಂಬರ್ 29, 1912) ಬ್ರಿಟಿಷ್ ಭೂವಿಜ್ಞಾನಿ ಹಾಗೂ ಪ್ರಾಗೈತಿಹಾಸದ ಸಂಶೋಧಕರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸೇವೆ ಸಲ್ಲಿಸಿದ ಇವರು 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧವೊಂದನ್ನು ಗುರುತಿಸಿದರು. ಭಾರತದಲ್ಲಿ ಅತಿ ಪ್ರಾಚೀನ ಮಾನವನ ಅಧ್ಯಯನ ಆರಂಭವಾದದ್ದು ಈ ಶೋಧದಿಂದ. ಆದಕಾರಣ ಇವರನ್ನು ಭಾರತೀಯ ಪ್ರಾಗೈತಿಹಾಸದ ಪಿತಾಮಹರೆಂದು ಕರೆಯುವುದುಂಟು. ಕರ್ನಾಟಕದ ಶಿಲಾಯುಗದ ನೆಲೆಗಳ ಅಧ್ಯಯನಕ್ಕೂ ಇವರೇ ಬುನಾದಿ ಹಾಕಿದರು.

ಜನನ ಮತ್ತು ವೃತ್ತಿಜೀವನ

ಫೂಟ್ ಅವರು ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರ ಡಿಸೆಂಬರಿನಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿ ಮದರಾಸು ಪ್ರಾಂತ್ಯದಲ್ಲಿ ಕೆಲಸಕ್ಕೆ ನಿಯೋಜಿತರಾದರು. ತಮಿಳು ವಿದ್ವಾಂಸರಾಗಿದ್ದ ಪೀಟರ್ ಪರ್ಸಿವಲ್ ಇವರ ಮಾವ. ಶಿಲಾಸ್ತರಗಳ ನಕ್ಷೆ ತಯಾರಿಸುವುದು ಇವರ ಅಧಿಕೃತ ಕೆಲಸವಾಗಿತ್ತು. ಕಲ್ಲಿನ ಆಯುಧಗಳ ಶೋಧವನ್ನು ಅದರ ಜೊತೆಯಲ್ಲೇ ನಡೆಸಿಕೊಂಡು ಬಂದರು. 1891ರಲ್ಲಿ ಇಲಾಖೆಯಿಂದ ನಿವೃತ್ತರಾದ ಬಳಿಕ ಬರೋಡಾ ಸಂಸ್ಥಾನದ ಭೂವೈಜ್ಞಾನಿಕ ಸಮೀಕ್ಷೆ ನಡೆಸಿದರು. 1894ರಲ್ಲಿ ಸ್ಥಾಪನೆಯಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರೂ ಇವರೇ.

ಪಲ್ಲಾವರಂನ ಕಲ್ಲು

1859ರಲ್ಲಿ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಜಾನ್ ಇವಾನ್ಸ್ ಫ್ರಾನ್ಸಿನ ಸೋಮ್ ನದಿಯ ಕಣಿವೆಗೆ ಹೋಗಿ, ಅಲ್ಲಿ ಬೂಷೆ ದ ಪರ್ತ್ ಸಂಗ್ರಹಿಸಿದ್ದ ಚಕಮಕಿ ಕಲ್ಲುಗಳು ಮಾನವನಿರ್ಮಿತವೆಂದು ಒಪ್ಪಿದರು. ಅಳಿದುಹೋದ ಪ್ರಾಣಿಗಳ ಮೂಳೆಗಳಿದ್ದ ಪದರಗಳಲ್ಲೇ ಆ ಕಲ್ಲುಗಳೂ ದೊರೆತಿದ್ದವು. ಈ ವಿಚಾರವನ್ನು ಓದಿಕೊಂಡಿದ್ದ ಫೂಟ್ ಅವರು ದಕ್ಷಿಣ ಭಾರತದಲ್ಲಿಯೂ ಅಂಥವುಗಳ ಮೇಲೆ ಕಣ್ಣಿಟ್ಟಿದ್ದರು.

1863ರ ಮೇ 30ರಂದು ಪಲ್ಲಾವರಂನಲ್ಲಿ ಜಲ್ಲಿಗಾಗಿ ತೋಡಿದ್ದ ಸಣ್ಣ ಗುಂಡಿಯೊಂದರಿಂದ ಹೊರಚೆಲ್ಲಿದ್ದ ರಾಶಿಯಲ್ಲಿ ಅವರಿಗೆ ಕೈಗೊಡಲಿಯ ಆಕಾರದ ಕಲ್ಲೊಂದು ದೊರೆಯಿತು. ಆದರೆ ಅದು ತನ್ನ ಮೂಲ ಪದರದಲ್ಲಿರಲಿಲ್ಲ. ಹೀಗೆ ಸ್ಥಳ ತಪ್ಪಿದ ಒಂದೇ ಒಂದು ಕಲ್ಲಿನಿಂದ ಮಾನವನ ಪ್ರಾಚೀನತೆಯನ್ನು ಸಾಧಿಸಲಾಗದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಕೊರ್ತಲೈಯಾರ್ ನದಿ ಕಣಿವೆಯ ಅತ್ತಿರಂಪಾಕ್ಕಂಗೆ ಹೋದಾಗ ಈ ಕೊರತೆ ನೀಗಿತು. ಅಲ್ಲಿ ಅಂಥ ಕಲ್ಲುಗಳು ಹೇರಳವಾಗಿದ್ದುದಲ್ಲದೆ, ಜಂಬಿಟ್ಟಿಗೆಯ ಪದರದೊಳಗೇ ಹುದುಗಿರುವುದೂ ಕಂಡುಬಂದಿತು. ಇವುಗಳ ವಿವರವಾದ ವರದಿಯನ್ನು ಫೂಟ್ ಅವರು 1866ರಲ್ಲಿ ಪ್ರಕಟಿಸಿದರು.

ಆಯುಧವೆಂದು ನಿರ್ಣಯಿಸುವ ಬಗೆ

ನದಿಯ ಸೆಳೆತ, ಬಿಸಿಲು, ಬಂಡೆಗಳ ಉರುಳಾಟಗಳಿಂದಲೂ ಕಲ್ಲುಗಳು ಒಡೆದು ಚೂಪಾಗುತ್ತವೆ. ಆದ್ದರಿಂದ ಆಕಾರವನ್ನಷ್ಟೇ ನೋಡಿ ಒಂದು ಕಲ್ಲನ್ನು ಆಯುಧವೆನ್ನುವುದು ತಪ್ಪಿಗೆ ದಾರಿಯಾಗುತ್ತದೆ. ಫೂಟ್ ಅವರ ಶೋಧವು ಉಳಿದುಕೊಂಡದ್ದು ಹಲವು ಬಗೆಯ ಸಾಕ್ಷ್ಯಗಳು ಒಂದೆಡೆ ಕೂಡಿದ್ದರಿಂದ.

ಮೊದಲನೆಯದು ಪೆಟ್ಟಿನ ಗುರುತು. ಮನುಷ್ಯನು ಅಂಚಿನಲ್ಲಿ ಬಲವಾಗಿ ಹೊಡೆದು ಚಕ್ಕೆ ತೆಗೆದಾಗ ಚಕ್ಕೆಯಲ್ಲಿ ಸಣ್ಣ ಉಬ್ಬು, ಮೂಲ ಕಲ್ಲಿನಲ್ಲಿ ಅದಕ್ಕೆ ಸರಿಹೊಂದುವ ತಗ್ಗು ಉಳಿಯುತ್ತದೆ. ಇಂಥ ತಗ್ಗುಗಳು ಎರಡೂ ಮುಖಗಳಲ್ಲಿ ಒಂದಾದ ಮೇಲೊಂದು ಬಂದು ಅಂಚನ್ನು ರೂಪಿಸಿದ್ದರೆ ಅಲ್ಲಿ ಉದ್ದೇಶವಿದೆಯೆಂದು ತಿಳಿಯಬಹುದು. ಎರಡನೆಯದು ಪುನರಾವರ್ತನೆ. ಪ್ರಕೃತಿಯು ಆಕಸ್ಮಿಕವಾಗಿ ಒಂದು ಕೈಗೊಡಲಿಯಂಥ ಕಲ್ಲನ್ನು ಉಂಟುಮಾಡಬಹುದು. ಒಂದೇ ಮಾದರಿಯ ಕಲ್ಲುಗಳು ರಾಶಿಯಾಗಿ ದೊರೆತರೆ ಆಕಸ್ಮಿಕದ ವಾದ ನಿಲ್ಲುವುದಿಲ್ಲ. ಮೂರನೆಯದು ಕಲ್ಲಿನ ಜಾತಿ. ಮದರಾಸಿನ ಆಯುಧಗಳು ಕ್ವಾರ್ಟ್ಸೈಟ್ ಶಿಲೆಯವು. ಪಲ್ಲಾವರಂನ ಸ್ಥಳೀಯ ಬಂಡೆಯಾದರೋ ಚಾರ್ನೊಕೈಟ್. ನಾಲ್ಕನೆಯದು ದೊರೆತ ಪದರ. ಭೂವಿಜ್ಞಾನಿಯಾಗಿದ್ದುದರಿಂದ ಕೊನೆಯ ಎರಡು ಅಂಶಗಳಲ್ಲಿ ಫೂಟ್ ಅವರ ಮಾತಿಗೆ ವಿಶೇಷ ತೂಕವಿತ್ತು.

ದೊರೆತ ಸ್ಥಳದ ದಾಖಲೆಗೆ ಅವರು ಕೊಟ್ಟ ಮಹತ್ವವೂ ಗಮನಾರ್ಹ. ಶೇವರಾಯ ಬೆಟ್ಟಗಳ ನಿವಾಸಿಗಳು ನವಶಿಲಾಯುಗದ ನಯವಾದ ಕೊಡಲಿಗಳನ್ನು ಆಯ್ದು ದೇವರ ಗುಡಿಗಳಲ್ಲಿ ಇಡುತ್ತಿದ್ದುದನ್ನು ಅವರು ಕಂಡಿದ್ದರು. ಅಂಥ ಕಲ್ಲುಗಳು ಮಾನವನಿರ್ಮಿತವೆಂಬುದು ನಿಸ್ಸಂದೇಹವಾದರೂ ಅವು ಮೊದಲು ಬಿದ್ದಿದ್ದ ನೆಲದ ಸಾಕ್ಷ್ಯ ಅಳಿಸಿಹೋಗಿರುತ್ತದೆ.

ಕರ್ನಾಟಕದಲ್ಲಿ ಶೋಧಗಳು

ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿ ಪ್ರಿಮ್‌ರೋಸ್ ಎಂಬ ವೈದ್ಯರು 1842ರಲ್ಲಿಯೇ ಕಲ್ಲಿನ ಚಾಕುಗಳನ್ನೂ ಬಾಣದ ಮೊನೆಗಳನ್ನೂ ಕಂಡಿದ್ದರು. ಆದರೆ ಕ್ರಮಬದ್ಧ ಅನ್ವೇಷಣೆ ನಡೆದದ್ದು ಫೂಟ್ ಅವರಿಂದ. ಮಲಪ್ರಭಾ ತೀರದ ಖ್ಯಾಡದಲ್ಲಿ ಅವರಿಗೆ ಹಳೆ ಶಿಲಾಯುಗದ ಆಯುಧಗಳು ದೊರೆತವು. ಬಳ್ಳಾರಿ ಸೀಮೆಯಲ್ಲಿ ಆಯುಧಗಳಿಗೆ ಪಟ್ಟೆಪಟ್ಟೆಯಾದ ಕಬ್ಬಿಣದ ಅದಿರಿನ ಶಿಲೆಯೂ ಬಳಕೆಯಾಗಿದ್ದುದನ್ನು ಗುರುತಿಸಿ, ಒಳ್ಳೆಯ ಕಲ್ಲು ಸಿಗುವ ತಾಣಗಳೇ ಆದಿಮಾನವನ ನೆಲೆಗಳ ಹಂಚಿಕೆಯನ್ನು ನಿರ್ಧರಿಸಿದವೆಂಬ ನಿಲುವಿಗೆ ಬಂದರು.

ಬಳ್ಳಾರಿಯ ಬಳಿಯ ಕುಪ್ಪಗಲ್ಲು ಬೆಟ್ಟವು ನವಶಿಲಾಯುಗದ ಕೊಡಲಿಗಳ ದೊಡ್ಡ ತಯಾರಿಕಾ ಸ್ಥಳವೆಂದು ಅವರು ವಿವರಿಸಿದರು. ಅರೆಬರೆ ಕೆಲಸವಾದ ಕೊಡಲಿಗಳು, ಒಡೆದು ಬಿಟ್ಟವು, ಚಕ್ಕೆಗಳ ರಾಶಿ ಎಲ್ಲವೂ ಒಂದೇ ಕಡೆ ಇದ್ದುದರಿಂದ ತಯಾರಿಕೆಯ ಹಂತಗಳೇ ಅಲ್ಲಿ ಕಣ್ಣಿಗೆ ಬಿದ್ದವು. ಕುಡತಿನಿಯ ಬೂದಿದಿಬ್ಬವನ್ನು ಜನರು ಹಿಡಿಂಬಾಸುರನ ಚಿತಾಭಸ್ಮವೆಂದು ನಂಬಿದ್ದರು. ಇಂಥ ದಿಬ್ಬಗಳು ನವಶಿಲಾಯುಗದ ಪಶುಪಾಲಕರು ಕೂಡಿಟ್ಟ ಸಗಣಿ ಸುಟ್ಟು ಉಂಟಾದವೆಂದು ಫೂಟ್ ಊಹಿಸಿದರು. 20ನೆಯ ಶತಮಾನದ ಪ್ರಯೋಗಾಲಯ ಪರೀಕ್ಷೆ ಮತ್ತು ಉತ್ಖನನಗಳು ಈ ಊಹೆಯನ್ನು ಎತ್ತಿಹಿಡಿದವು. ಭೂವಿಜ್ಞಾನದಲ್ಲಿ ಧಾರವಾಡ ಶಿಲಾವರ್ಗಕ್ಕೆ ಆ ಹೆಸರನ್ನಿಟ್ಟವರೂ ಇವರೇ.

ಮೂಳೆ ಆಯುಧಗಳ ಪ್ರಶ್ನೆ

1884ರಲ್ಲಿ ಫೂಟ್ ಅವರೂ ಅವರ ಮಗ ಹೆನ್ರಿಯೂ ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಗುಹೆಗಳನ್ನು ಅಗೆಸಿದರು. ಅಲ್ಲಿ ದೊರೆತ ಪ್ರಾಣಿಗಳ ಮೂಳೆಗಳಲ್ಲಿ ಅನೇಕವು ಮನುಷ್ಯನು ರೂಪಿಸಿದ ಉಪಕರಣಗಳೆಂದು ಫೂಟ್ ಭಾವಿಸಿದರು. ಮೂಳೆಯ ವಿಷಯದಲ್ಲಿ ಈ ನಿರ್ಣಯ ಇನ್ನೂ ಕಷ್ಟವಾದದ್ದು. ಪ್ರಾಣಿಗಳು ಕಡಿದಾಗಲೂ ತುಳಿದಾಗಲೂ ಮೂಳೆಗಳು ಮೊನೆಯಾಗಿ ಒಡೆಯುತ್ತವೆ. ಈ ಕಾರಣದಿಂದ ಅವರ ಗುರುತಿಸುವಿಕೆಯನ್ನು ನಂತರದ ವಿದ್ವಾಂಸರು ಸಂದೇಹದಿಂದ ನೋಡಿದರು. 1970ರ ದಶಕದಲ್ಲಿ ಅದೇ ಪ್ರದೇಶದ ಗುಹೆಗಳಲ್ಲಿ ನಡೆದ ಉತ್ಖನನದಲ್ಲಿ ಶಿಲೋಪಕರಣಗಳ ಜೊತೆಯಲ್ಲಿ ಮೂಳೆಯ ಉಪಕರಣಗಳೂ ದೊರೆತ ಮೇಲೆ ಅವರ ಮೂಲಕಲ್ಪನೆಗೆ ಬೆಂಬಲ ಸಿಕ್ಕಿತು.

ಸಂಗ್ರಹ ಮತ್ತು ಕೊನೆಯ ವರ್ಷಗಳು

ಸುಮಾರು ನಾಲ್ಕು ದಶಕಗಳಲ್ಲಿ ಕೂಡಿಸಿದ ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಕೊಂಡುಕೊಂಡಿತು. 400ಕ್ಕೂ ಹೆಚ್ಚು ನೆಲೆಗಳಿಂದ ಬಂದ ಈ ವಸ್ತುಗಳ ಪಟ್ಟಿಯನ್ನು ಫೂಟ್ ಅವರೇ ಸಿದ್ಧಪಡಿಸಿದರು. ಅದು ಅವರ ಮರಣಾನಂತರ 1914 ಮತ್ತು 1916ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ನಿವೃತ್ತಿಯ ನಂತರ ಏರ್ಕಾಡಿನಲ್ಲಿ ನೆಲೆಸಿದ್ದ ಅವರು 1912ರಲ್ಲಿ ನಿಧನರಾದರು. ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ಫೂಟ್ ಅವರ ಕಾಲದಲ್ಲಿ ಆಯುಧಗಳ ವಯಸ್ಸನ್ನು ವರ್ಷಗಳಲ್ಲಿ ಅಳೆಯುವ ವಿಧಾನವಿರಲಿಲ್ಲ. ಅತ್ತಿರಂಪಾಕ್ಕಂನ ಪದರಗಳನ್ನು ಶಾಂತಿ ಪಪ್ಪು ಮತ್ತು ಸಂಗಡಿಗರು ಮತ್ತೆ ಅಗೆದು ಪರೀಕ್ಷಿಸಿ, ಅಲ್ಲಿನ ಅತಿ ಹಳೆಯ ಆಯುಧಗಳು ಕನಿಷ್ಠ 10 ಲಕ್ಷ ವರ್ಷಗಳಷ್ಟು ಪ್ರಾಚೀನವೆಂದು 2011ರಲ್ಲಿ ಪ್ರಕಟಿಸಿದರು.