ಸಿಡುಬನ್ನು ಜಯಿಸಿದ ವೈದ್ಯನು: ಎಡ್ವರ್ಡ್ ಜೆನ್ನರನ ಚರಿತ್ರೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗಳಲ್ಲಿ ಅರುವತ್ತು ವರುಷ ದಾಟಿದ ಅನೇಕರ ತೋಳಿನ ಮೇಲೆ ದುಂಡಗಾದ ಹಳೇ ಕಲೆಯೊಂದು ಕಾಣುವದುಂಟು. ಅದು ಸಿಡುಬು ಬಾರದಂತೆ ಬಾಲ್ಯದಲ್ಲಿ ಹಾಕಿದ ಲಸಿಕೆಯ ಗುರುತು. ಆ ಉಪಾಯವನ್ನು ಲೋಕಕ್ಕೆ ತೋರಿಸಿಕೊಟ್ಟವನ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಎಡ್ವರ್ಡ್ ಜೆನ್ನರನು 1749ನೆಯ ಇಸವಿ ಮೇ 17ರಂದು ಇಂಗ್ಲೆಂಡಿನ ಬರ್ಕ್ಲಿ ಎಂಬ ಹಳ್ಳಿಯೂರಿನಲ್ಲಿ ಸಭಾಪಾಲಕನ ಮಗನಾಗಿ ಹುಟ್ಟಿದನು. ಐದು ವರುಷದವನಾಗಿರುವಾಗಲೇ ತಂದೆತಾಯಿಗಳನ್ನು ಕಳಕೊಂಡು ಒಡಹುಟ್ಟಿದವರ ಆಶ್ರಯದಲ್ಲಿ ಬೆಳೆದನು. ಆಗಿನ ವೈದ್ಯರು ಸಿಡುಬೆದ್ದವರ ಕೀವನ್ನೇ ಸ್ವಸ್ಥರ ಚರ್ಮಕ್ಕೆ ಸೇರಿಸಿ ರೋಗವನ್ನು ಹಗುರವಾಗಿ ಬರಿಸುತ್ತಿದ್ದರು. ಇದರಿಂದ ಹಲವರು ಉಳಿದರೂ ಕೆಲವರು ಸತ್ತರು. ಬಾಲಕನಾದ ಜೆನ್ನರನೂ ಆ ಕಷ್ಟವನ್ನು ಅನುಭವಿಸಿದನು.

ಅವನು ಲಂಡನಿನಲ್ಲಿ ಜಾನ್ ಹಂಟರ್ ಎಂಬ ಪ್ರಸಿದ್ಧ ವೈದ್ಯನ ಬಳಿ ಕಲಿತು, 1773ರಲ್ಲಿ ಸ್ವಂತ ಊರಿಗೆ ತಿರಿಗಿ ಬಂದನು. ಹಸುವಿನ ಕೆಚ್ಚಲಲ್ಲಿ ಏಳುವ ಗೋಸಿಡುಬು ಹಾಲು ಕರೆಯುವವರ ಕೈಗೆ ತಗಲಿದರೆ ಅವರಿಗೆ ದೊಡ್ಡ ಸಿಡುಬು ಬಾರದೆಂದು ಹಳ್ಳಿಯವರು ಹೇಳುತ್ತಿದ್ದ ಮಾತನ್ನು ಅವನು ತಿರಸ್ಕರಿಸಲಿಲ್ಲ. 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವವಳ ಕೈಯ ಹುಣ್ಣಿನಿಂದ ದ್ರವವನ್ನು ತೆಗೆದು, ಕೂಲಿಯವನ ಮಗನಾದ ಎಂಟು ವರುಷದ ಜೇಮ್ಸ್ ಫಿಪ್ಸನ ತೋಳಿಗೆ ಹಾಕಿದನು. ಜುಲೈ ತಿಂಗಳಲ್ಲಿ ನಿಜವಾದ ಸಿಡುಬಿನ ಕೀವನ್ನು ಹಾಕಿದರೂ ಹುಡುಗನಿಗೆ ರೋಗ ಬರಲಿಲ್ಲ. ಮಗುವಿನ ಮೇಲೆ ಅಂಥ ಪರೀಕ್ಷೆ ಮಾಡುವದಕ್ಕೆ ಈಗ ಯಾರೂ ಒಪ್ಪರು; ಆದರೂ ಅದರ ಫಲ ಬಹು ದೊಡ್ಡದಾಯಿತು.

ಪಂಡಿತರ ಸಂಘವು ಅವನ ಬರಹವನ್ನು ಹಿಂದಕ್ಕೆ ಕಳುಹಿಸಲು, 1798ರಲ್ಲಿ ಅವನೇ ಅದನ್ನು ಅಚ್ಚು ಹಾಕಿಸಿದನು. ಗೋಸಿಡುಬು ಹಾಕಿಸಿಕೊಂಡವರಿಗೆ ಕೊಂಬು ಮೂಡುವದೆಂದು ಇಂಗ್ಲೆಂಡಿನವರು ಸಹ ಹಾಸ್ಯಮಾಡಿದರು, ಹೆದರಿದರು. ಜೆನ್ನರನು ಜಗಳಕ್ಕೆ ನಿಲ್ಲದೆ ತನ್ನ ತೋಟದ ಗುಡಿಸಲಲ್ಲಿ ಬಡವರಿಗೆ ಹಣ ತೆಗೆದುಕೊಳ್ಳದೆ ಲಸಿಕೆ ಹಾಕಿದನು. ಭಯವೂ ಖರ್ಚೂ ಕೂಡಿಯೇ ಬಡವನನ್ನು ತಡೆಯುತ್ತವೆ. ಜೆನ್ನರನು ಇವೆರಡನ್ನೂ ತನ್ನ ಮನೆಬಾಗಲಲ್ಲಿಯೇ ನೀಗಿಸಿದನು.

ಲಸಿಕೆಯು ಬಗ್ದಾದ್, ಬಸ್ರಾ ಮಾರ್ಗವಾಗಿ ಮುಂಬಯಿಗೆ ಬಂದು, 1802ರ ಜೂನ್ 14ರಂದು ಆನಾ ದಸ್ತಾಲ್ ಎಂಬ ಮೂರು ವರುಷದ ಮಗುವಿಗೆ ಹಾಕಲ್ಪಟ್ಟಿತು. ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುವ ಪದ್ಧತಿಯಾದದರಿಂದ ಜಾತಿಯ ಸಂಕೋಚವೂ ನೋವಿನ ಹೆದರಿಕೆಯೂ ಜನರನ್ನು ಹಿಂದೆಗೆಸಿದವು. ಆದರೆ ಮೈಸೂರಿನ ಮೂರನೆಯ ಕೃಷ್ಣರಾಜ ಒಡೆಯರ ರಾಣಿಯಾದ ದೇವಾಜಮ್ಮಣ್ಣಿಯವರು ಅದನ್ನು ಹಾಕಿಸಿಕೊಂಡ ಸಂಗತಿಯು 1806ರಲ್ಲಿ ಪ್ರಕಟವಾದಾಗ ಅನೇಕರು ಧೈರ್ಯದಿಂದ ಮುಂದೆ ಬಂದರು. ಅಪ್ಪಣೆಗಿಂತಲೂ ನಂಬಿಕೆಯುಳ್ಳವರ ಮಾದರಿಯು ಬಲವಾದದ್ದು.

ಜೆನ್ನರನು ಫಿಪ್ಸನಿಗೆ ಬಾಡಿಗೆಯಿಲ್ಲದೆ ಮನೆಯನ್ನು ಕೊಟ್ಟನು. 1823ರ ಜನವರಿ 26ರಂದು ಜೆನ್ನರನು ತೀರಿಹೋದಾಗ ಆ ಫಿಪ್ಸನು ಶವಸಂಸ್ಕಾರಕ್ಕೆ ಬಂದಿದ್ದನು. 1980ರಲ್ಲಿ ಸಿಡುಬು ಭೂಲೋಕದಿಂದಲೇ ನೀಗಿತೆಂದು ಸಾರಲಾಯಿತು.

ಪ್ರಿಯ ವಾಚಕರೇ, ಸಿಡುಬು ಹೋದರೂ ದಡಾರ, ಗಂಟಲಮಾರಿ, ನಾಯಿಕೆಮ್ಮು ಹೋಗಿಲ್ಲ. ಇವುಗಳ ಲಸಿಕೆಯನ್ನು ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ಹಾಕುತ್ತಾರೆ. ಆದರೂ ಪೇಟೆಯ ಬಿಡಾರಗಳಲ್ಲಿಯೂ ಬಂದರದ ಕೇರಿಗಳಲ್ಲಿಯೂ ಇರುವ ತಾಯಿಗೆ ಒಂದು ದಿನದ ಕೂಲಿ ತಪ್ಪುವದೇ ಭಾರವಾಗಿದೆ. ಸೂಜಿಯ ನಂತರ ಬರುವ ಜ್ವರವನ್ನು ಕಂಡು ಹಲವರು ಎರಡನೆಯ ಸಾರಿ ಹೋಗುವದಿಲ್ಲ. ದೂರದಿಂದ ಕೆಲಸಕ್ಕೆ ಬಂದವರಿಗೆ ಎಲ್ಲಿ ಕೇಳಬೇಕೆಂಬದೇ ತಿಳಿಯದು. ಅಂಥವರನ್ನು ಅಜ್ಞಾನಿಗಳೆಂದು ಜರೆಯುವದರಿಂದ ಪ್ರಯೋಜನವಿಲ್ಲ. ಆ ಜ್ವರವು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುವದೆಂದು ತಿಳಿಸೋಣ. ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ, ಒಂಬತ್ತು ತಿಂಗಳು ತುಂಬಿದಾಗ, ಆಮೇಲೆಯೂ ಹೇಳಿದ ದಿನಗಳಲ್ಲಿ ಮಗುವನ್ನು ಒಯ್ಯುವಂತೆ ನೆನಪು ಮಾಡೋಣ. ತಾಯಿ ಕಾರ್ಡನ್ನು ಜೋಪಾನವಾಗಿಡಲು ಹೇಳಿ, ಅವಳು ಆಸ್ಪತ್ರೆಗೆ ಹೋಗುವ ದಿನ ಅವಳ ಹಿರೇ ಮಕ್ಕಳನ್ನು ನಮ್ಮ ಮನೆಯಲ್ಲಿ ನೋಡಿಕೊಳ್ಳೋಣ.