ಉಪ್ಪಿನಿಂದ ಮೊರದವರೆಗೆ: ಕಮಲಾದೇವಿ

ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು ನಾವು ಸಾಮಾನ್ಯವಾಗಿ ಸ್ವಾತಂತ್ರ್ಯ ಹೋರಾಟಗಾರ್ತಿ ಎಂದು ಒಂದು ಸಾಲಿನಲ್ಲಿ ಪರಿಚಯಿಸಿ ಮುಂದೆ ಹೋಗುತ್ತೇವೆ. ವಿಜ್ಞಾನದ ವಿದ್ಯಾರ್ಥಿನಿಯಾದ ನನಗೆ ಅವರು ಇಷ್ಟವಾದದ್ದು ಬೇರೆ ಕಾರಣಕ್ಕೆ. ಮಡಕೆ, ಚಾಪೆ, ಸೀರೆಯಂಥ ದಿನಬಳಕೆಯ ವಸ್ತುವನ್ನು ಅವರು ಎಂದೂ ಅದನ್ನು ಮಾಡಿದ ಕೈಯಿಂದ ಬೇರ್ಪಡಿಸಿ ನೋಡಲಿಲ್ಲ.

ಅವರು ಹುಟ್ಟಿದ್ದು 1903ರಲ್ಲಿ, ಮಂಗಳೂರಿನಲ್ಲಿ. ತಂದೆ ಉಯಿಲು ಬರೆಯದೆ ತೀರಿಕೊಂಡಾಗ ಆಸ್ತಿ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೂ ಮಗಳಿಗೂ ಅದರಲ್ಲಿ ಹಕ್ಕಿರಲಿಲ್ಲ. ಎಳವೆಯಲ್ಲೇ ಮದುವೆ, ಬೇಗನೆ ವೈಧವ್ಯ. ಮುಂದೆ ಕವಿ ಹರೀಂದ್ರನಾಥರೊಡನೆ ಮರುಮದುವೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲಿರಬೇಕೆಂದು ಗಾಂಧೀಜಿಯವರೊಡನೆ ವಾದಿಸಿ ಒಪ್ಪಿಸಿದರು. ಮುಂಬಯಿಯಲ್ಲಿ ಉಪ್ಪಿನ ಪೊಟ್ಟಣಗಳನ್ನು ಷೇರುಪೇಟೆಯೊಳಗೇ ಒಯ್ದು ಮಾರಿ ಜೈಲಿಗೂ ಹೋದರು. ಅಡುಗೆಮನೆಯ ಉಪ್ಪಿನಷ್ಟು ಸಾಧಾರಣ ವಸ್ತು ಇನ್ನಾವುದಿದೆ?

ದೇಶ ವಿಭಜನೆಯಾದ ಮೇಲೆ ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ನೆಲೆ ಕಲ್ಪಿಸಲು ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಬಂತು. ಊರೂರು ತಿರುಗಿ ಕುಶಲಕರ್ಮಿಗಳನ್ನು ಹುಡುಕಿದರು, ಅವರ ಸಾಮಾನಿಗೆ ಮಾರುಕಟ್ಟೆ ಒದಗಿಸಿದರು.

ಜೈಪುರದ ನೀಲಿ ಕುಂಭಕಲೆ ನಶಿಸುತ್ತಿದ್ದಾಗ ಅದು ಮತ್ತೆ ಚಿಗುರಲು ನೆರವಾದವರಲ್ಲಿ ಇವರೂ ಒಬ್ಬರು. ರಸಾಯನಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆ ಪಾತ್ರೆಗಳಲ್ಲಿ ಕುಂಬಾರನ ಜೇಡಿಮಣ್ಣೇ ಇಲ್ಲ! ಬಿಳಿಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಅಂಟು ಸೇರಿಸಿ ಕಲಸುತ್ತಾರೆ. ಕಡುನೀಲಿ ಬರುವುದು ಕೋಬಾಲ್ಟ್ ಆಕ್ಸೈಡಿನಿಂದ, ಹಸಿರು ಬೆರೆತ ನೀಲಿ ತಾಮ್ರದ ಆಕ್ಸೈಡಿನಿಂದ. ಪಾತ್ರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು; ಈ ಹದ ಬಲ್ಲವರು ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿದರೆ ಅದನ್ನು ಯಾವ ಪೆಟ್ಟಿಗೆಯಲ್ಲಿಡುವುದು? ಕಮಲಾದೇವಿಯವರ ಚಿಂತೆ ಇದೇ ಆಗಿತ್ತೆಂದು ನಾನು ತಿಳಿದಿದ್ದೇನೆ. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1988ರಲ್ಲಿ ತೀರಿಕೊಂಡರು.

ಅಭ್ಯಾಸ ಬೋಧನೆಯಲ್ಲಿ ಎಂಟನೇ ತರಗತಿಯ ‘ವಸ್ತುಗಳು’ ಪಾಠಕ್ಕೆ ಮನೆಯಿಂದ ಒಂದೊಂದು ಸಾಮಾನು ತರಲು ಹೇಳಿದ್ದೆ. ಬಿದಿರು ಹೆಣೆಯುವವರ ಮನೆಯ ಹುಡುಗಿಯೊಬ್ಬಳು ಅಂಗಡಿಯಲ್ಲಿ ಕೊಂಡ ಸ್ಟೀಲ್ ಡಬ್ಬಿ ತಂದಳು. ಯಾಕೆಂದು ನಾನು ಕೇಳಲಿಲ್ಲ. ಪಾಠದ ನಡುವೆ ಕಮಲಾದೇವಿಯವರ ಕತೆ ಹೇಳಿ, ನಿಮ್ಮ ವಸ್ತುವನ್ನು ಮಾಡಿದವರು ಯಾರೆಂದು ಬರೆದುಕೊಂಡು ಬನ್ನಿ ಎಂದೆ. ಮರುದಿನ ಅವಳು ಅರ್ಧ ಹೆಣೆದ ಮೊರವನ್ನೇ ತಂದಳು. ಬಿದಿರಿನ ಹೊರಪದರದ ಸೀಳು ಗಟ್ಟಿ, ಒಳಗಿನದು ಮೆತ್ತಗೆ ಎಂದು ಎರಡನ್ನೂ ಬಗ್ಗಿಸಿ ತೋರಿಸಿದಳು. ಹಿಂದಿನ ಬೆಂಚಿನ ಹುಡುಗ ತನ್ನಜ್ಜಿ ಹೊಸ ಮೊರಕ್ಕೆ ಮೆಂತ್ಯ ರುಬ್ಬಿ ಬಳಿಯುತ್ತಾರೆ ಎಂದ. ಸಂದು ಮುಚ್ಚಲಿಕ್ಕೆ, ಇಲ್ಲದಿದ್ದರೆ ರಾಗಿ ಸೋರಿಹೋಗುತ್ತದೆ ಎಂದು ಅವಳೇ ಉತ್ತರ ಕೊಟ್ಟಳು.