ಸಾವಿನೆದುರು ನಿಂತು ಬಂದವನು

ಇದೇ ಕೊನೆಯ ದಿನ ಎಂದುಕೊಂಡು ಬದುಕಬೇಕು ಎಂಬ ಮಾತನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ನೋಡುತ್ತಲೇ ಇರುತ್ತೇವೆ. ನಿಜಕ್ಕೂ ಹಾಗೆ ಬದುಕಲಾಗುತ್ತದೆಯೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ರಷ್ಯಾದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿ.

1849ರ ಡಿಸೆಂಬರ್ 22. ಸೇಂಟ್ ಪೀಟರ್ಸ್‌ಬರ್ಗ್‌ನ ಮೈದಾನವೊಂದರಲ್ಲಿ ಮರಣದಂಡನೆಗೆ ಸಿದ್ಧತೆ ನಡೆದಿತ್ತು. ಸರ್ಕಾರಕ್ಕೆ ಒಪ್ಪಿಗೆಯಾಗದ ವಿಚಾರಗಳನ್ನು ಚರ್ಚಿಸುವ ಗುಂಪಿನಲ್ಲಿದ್ದ ದಾಸ್ತೊಯೆವ್‌ಸ್ಕಿಗೆ ಆಗ 28 ವರ್ಷ. ಮೊದಲ ಮೂವರನ್ನು ಕಂಬಕ್ಕೆ ಕಟ್ಟಿದರು. ಮುಂದಿನ ಮೂವರಲ್ಲಿ ಆತನೂ ಇದ್ದ. ಸೈನಿಕರು ಬಂದೂಕು ಎತ್ತಿ ಗುರಿಯಿಟ್ಟ ಮೇಲೆ ದೊರೆಯ ಕ್ಷಮಾದಾನ ಪ್ರಕಟವಾಯಿತು. ಅದೆಲ್ಲವೂ ಹೆದರಿಸಲೆಂದು ಮೊದಲೇ ಹೂಡಿದ್ದ ನಾಟಕ! ಸಿಕ್ಕ ಶಿಕ್ಷೆ, ಸೈಬೀರಿಯಾದಲ್ಲಿ ನಾಲ್ಕು ವರ್ಷ ಕಠಿಣ ದುಡಿಮೆ. ಅಂದೇ ಅಣ್ಣನಿಗೆ ಪತ್ರ ಬರೆದು, ಕಳೆದುಕೊಂಡ ಕಾಲಕ್ಕಾಗಿ ಮರುಗಿದ. ಇನ್ನು ಹೊಸದಾಗಿ ಬದುಕುತ್ತೇನೆಂದ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆಂದದ ಸ್ಟೇಟಸ್ ಆಗುತ್ತಿತ್ತು. ಆದರೆ ಬಿಡುಗಡೆಯಾಗಿ ಕೆಲವು ವರ್ಷಗಳಲ್ಲೇ ಆತ ಜೂಜಿನ ದಾಸನಾದ. ಸಾಲದ ಹೊರೆ ಬೆಳೆಯಿತು. ಮುಂದೆ ಹೆಂಡತಿಯ ಒಡವೆಗಳನ್ನೂ ಅಡವಿಟ್ಟ. 'ದಿ ಈಡಿಯಟ್' ಕಾದಂಬರಿಯಲ್ಲಿ ಇಂಥದ್ದೇ ಶಿಕ್ಷೆಯಿಂದ ಪಾರಾದವನೊಬ್ಬನ ಪ್ರಸಂಗ ಬರುತ್ತದೆ. ಬದುಕಿದರೆ ಒಂದು ನಿಮಿಷವನ್ನೂ ಪೋಲು ಮಾಡುವುದಿಲ್ಲ ಅಂದುಕೊಂಡಿದ್ದವನು, ಆಮೇಲೆ ಎಷ್ಟೋ ನಿಮಿಷಗಳನ್ನು ಪೋಲು ಮಾಡಿದೆನೆಂದು ಒಪ್ಪಿಕೊಳ್ಳುತ್ತಾನೆ. ಈ ಪ್ರಾಮಾಣಿಕತೆ ನನಗೆ ತುಂಬ ಇಷ್ಟ.

ಹಾಗಾದರೆ ಆತನನ್ನು ಮೇಲೆತ್ತಿದ್ದು ಏನು? 1865ರಲ್ಲಿ ಒಬ್ಬ ಪ್ರಕಾಶಕನೊಂದಿಗೆ ಒಪ್ಪಂದವಾಗಿತ್ತು. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಒಂಬತ್ತು ವರ್ಷ ಆತ ಬರೆಯುವುದೆಲ್ಲ ಪ್ರಕಾಶಕನ ಪಾಲು. ಅನ್ನಾ ಎಂಬ ಶೀಘ್ರಲಿಪಿಗಾರ್ತಿ ಬಂದಳು. ಆತ ದಿನವೂ ಹೇಳಿದ, ಆಕೆ ಬರೆದುಕೊಂಡಳು. 26 ದಿನಗಳಲ್ಲಿ 'ದಿ ಗ್ಯಾಂಬ್ಲರ್' ಮುಗಿಯಿತು. ಮರುವರ್ಷ ಇಬ್ಬರೂ ಮದುವೆಯಾದರು. ಜೂಜು ಬಿಡಲು 1871ರವರೆಗೆ ಬೇಕಾಯಿತು. 1880ರಲ್ಲಿ 'ಕರಮಜೋವ್ ಸಹೋದರರು' ಮುಗಿಸಿ, ಕೆಲವೇ ತಿಂಗಳಲ್ಲಿ, 59ನೇ ವಯಸ್ಸಿನಲ್ಲಿ ತೀರಿಕೊಂಡ.

ಸಾವನ್ನು ಕಣ್ಣಾರೆ ಕಂಡವನಿಗೇ ಆ ಎಚ್ಚರ ಉಳಿಯಲಿಲ್ಲ ಎಂದ ಮೇಲೆ, ಒಂದು ಸ್ಟೇಟಸ್‌ನಿಂದ ನಮಗೆ ಉಳಿದೀತೇ? ಸಾವಿನ ನೆನಪು ಯಾವುದು ಮುಖ್ಯ ಎಂದು ತೋರಿಸಬಲ್ಲದು, ಅಷ್ಟೇ. ಅದನ್ನು ಮಾಡಿ ಮುಗಿಸಲು ದಿನದ ಇಷ್ಟು ಕೆಲಸ, ಒಂದು ಗಡುವು, ಜೊತೆಗೆ ಕೂರುವ ಒಬ್ಬರು ಬೇಕು. ಪರೀಕ್ಷೆಗೆ ಓದುವವರಿಗೂ ಕೆಲಸ ಹುಡುಕುವವರಿಗೂ ಇದು ಕೈಗೆಟುಕುವ ದಾರಿ. ನಡುವೆ ಒಂದು ದಿನ ಪೋಲಾದರೂ, ಮರುದಿನ ಮತ್ತೆ ಕೂತರಾಯಿತು.